ನಿಮ್ಮ ಮನೆಯ ಹಿರಿಯರ ಒಂದು ಮಾತು ಬೇಕಾಗಿದೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ನನ್ನ ಊರವರೇ,

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜನೋ ಅಜ್ಜಿಯೋ ಇದ್ದರೆ ಈ ಮನವಿ ಮೊದಲು ನಿಮಗೆ. ನಾನು ಹಣ ಕೇಳಲು ಬಂದಿಲ್ಲ. ಅವರ ನೆನಪಿನಲ್ಲಿ ಉಳಿದಿರುವ ಒಂದು ಸಂಗತಿಯನ್ನು ಕಾಗದಕ್ಕೆ ಇಳಿಸಿಕೊಡಿ ಎಂದು ಕೇಳಲು ಬಂದಿದ್ದೇನೆ.

ಮೂರು ವರ್ಷದ ಹಿಂದೆ, ಕೊನೆ ಕೊಯ್ಲು ಮುಗಿದ ದಿನಗಳಲ್ಲಿ, ನಮ್ಮೂರ ಪಂಚಾಯಿತಿ ಜಗಲಿಯಲ್ಲಿ ಕೂತು ಅರಣ್ಯ ಹಕ್ಕಿನ ಮೇಲ್ಮನವಿಗಳನ್ನು ಬರೆದುಕೊಡುತ್ತಿದ್ದೆ. ಎರಡು ಗುಡ್ಡದಾಚೆಯ ಮನೆಯವರೊಬ್ಬರು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಚೀಲದಲ್ಲಿ ರೇಷನ್ ಕಾರ್ಡು, ಮತದಾರರ ಚೀಟಿ, ಮನೆ ತೆರಿಗೆ ಕಟ್ಟಿದ ರಸೀದಿಗಳು, ಎಲ್ಲವುಗಳ ಮೇಲೆ ಒಂದು ತಿರಸ್ಕಾರ ಪತ್ರ. ಮೂರು ತಲೆಮಾರಿನ ವಾಸಕ್ಕೆ ದಾಖಲೆ ಒದಗಿಸಿಲ್ಲ, ಇಷ್ಟೇ ಅದರಲ್ಲಿದ್ದದ್ದು. ನಿಮ್ಮ ಅಜ್ಜ ಇಲ್ಲೇ ಇದ್ದರು ಅನ್ನಲು ಯಾವುದಾದರೂ ಕಾಗದ ಇದೆಯೇ ಎಂದು ಕೇಳಿದೆ. “ಕಾಗದ ಎಲ್ಲಿಂದ ಬರ್ಬೇಕು ಹೆಗಡೇರೇ? ನಮ್ಮಜ್ಜ ಇದ್ದದ್ದು ನಿಮ್ಮ ಆಯಿಗೆ ಗೊತ್ತುಂಟಲ್ರಾ” ಅಂದರು.

ಆ ರಾತ್ರಿ ಊಟವಾದ ಮೇಲೆ ಆಯಿಯನ್ನು ಕೇಳಿದೆ. ಆಗ ಅವಳಿಗೆ 88. ಹೊತ್ತು ಹಿಡಿಯಲಿಲ್ಲ. “ಅವ್ನ ಅಜ್ಜನ್ನ ನಾ ನೋಡಿದ್ದಿ ತಮಾ. ಮದ್ವೆಯಾದ ವರ್ಷ, ಆಷಾಢ ಮುಗ್ಸಿ ಬಪ್ಪಕಾರೆ ಹಳ್ಳ ತುಂಬಿತ್ತು. ನನ್ನ ಟ್ರಂಕು ಹೊತ್ತು ಸಂಕ ದಾಟಿಸಿದ್ದು ಅಂವನೇಯ. ಆಗ್ಲೇ ತಲೆಯೆಲ್ಲ ಬೆಳ್ಳಗಾಗಿತ್ತು.” ಅವರ ಗುಡಿಸಲು ಎಲ್ಲಿತ್ತು, ಯಾವ ಹಲಸಿನ ಮರದ ಬುಡದಲ್ಲಿ ಬಾವಿ ತೋಡಿದ್ದರು, ಅಜ್ಜ ಸತ್ತಾಗ ಎಲ್ಲಿ ಸುಟ್ಟರು, ಅವಳು ಒಂದೊಂದೇ ಹೇಳುತ್ತ ಹೋದಳು. ನಲವತ್ತು ವರ್ಷ ಇದೇ ಮನೆಯಲ್ಲಿ ಅವಳ ಎದುರು ಕೂತು ಉಂಡ ನಾನು ಒಂದು ದಿನವೂ ಅದನ್ನು ಕೇಳಿರಲಿಲ್ಲ.

ಕಾನೂನು ಈ ಮಾತನ್ನು ಸಾಕ್ಷಿಯೆಂದು ಒಪ್ಪುತ್ತದೆ. ನನ್ನ ಮನವಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆ 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯ ಭೂಮಿಯಲ್ಲಿ ನೆಲೆಸಿ ಸಾಗುವಳಿ ಮಾಡುತ್ತಿದ್ದವರ ಹಕ್ಕನ್ನು ಗುರುತಿಸುತ್ತದೆ. ಪರಿಶಿಷ್ಟ ಪಂಗಡದವರಾದರೆ ಅಷ್ಟು ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಸೀಮೆಯಲ್ಲೇ ಕಾಡನ್ನು ನಂಬಿ ಬದುಕಿದ್ದರು ಎಂದೂ ತೋರಿಸಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಊರೂರಿಗೆ ಹಬ್ಬಿದೆ. 75 ವರ್ಷ ಬೇಕಾದದ್ದು ಆ ಪ್ರದೇಶದ ವಾಸಕ್ಕೆ. ಈಗ ಉಳುತ್ತಿರುವ ಅದೇ ತುಂಡು ಭೂಮಿಯನ್ನು 75 ವರ್ಷದಿಂದ ಉಳುತ್ತಿರಬೇಕು ಎಂದು ಕಾಯ್ದೆ ಎಲ್ಲೂ ಕೇಳಿಲ್ಲ. ಇದನ್ನು ತಿಳಿಯದೆ ಅರ್ಜಿ ಹಾಕದೇ ಉಳಿದವರು ನನ್ನ ಪರಿಚಯದಲ್ಲೇ ಇದ್ದಾರೆ.

ಸಾಕ್ಷ್ಯ ಯಾವುದು ಎಂಬುದನ್ನು ನಿಯಮ 13 ಹೇಳುತ್ತದೆ. ಗೆಜೆಟಿಯರ್, ಜನಗಣತಿ, ಸರ್ವೆ ದಾಖಲೆಗಳ ಜೊತೆಗೆ ಅದರಲ್ಲಿ ಬಾವಿ ಇದೆ, ಸ್ಮಶಾನ ಇದೆ, ದೇವರ ಸ್ಥಳ ಇದೆ, ಮನೆ, ಗದ್ದೆಯ ಬದು, ಸಮತಟ್ಟು ಮಾಡಿದ ನೆಲ ಇದೆ, ವಂಶಾವಳಿ ಇದೆ. ಅರ್ಜಿದಾರರಲ್ಲದ ಊರ ಹಿರಿಯರು ಕೊಟ್ಟ, ಬರವಣಿಗೆಗೆ ಇಳಿಸಿದ ಹೇಳಿಕೆಯೂ ಇದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಅಂದರೆ ಬಾವಿಯೊಂದು ಇದ್ದು, ಅದನ್ನು ಯಾರು ತೋಡಿದರೆಂದು ಬಲ್ಲ ಹಿರಿಯರು ಒಬ್ಬರು ಸಹಿ ಹಾಕಿದರೆ ಕಾಗದವೇ ಇಲ್ಲದ ಕುಟುಂಬದ ಕೈಯಲ್ಲೂ ಎರಡು ಸಾಕ್ಷ್ಯ ಆಯಿತು.

2005ರಿಂದ 75 ವರ್ಷ ಹಿಂದಕ್ಕೆ ಎಣಿಸಿ. 1930ಕ್ಕೆ ಹೋಗಿ ನಿಲ್ಲುತ್ತದೆ. ಆ ಕಾಲದವರನ್ನು ಕಣ್ಣಾರೆ ಕಂಡವರು, ಅವರ ಕೈಯಿಂದ ಬೆಲ್ಲದ ಚೂರು ತಿಂದು ಬೆಳೆದವರು ಈಗ ನಮ್ಮ ಜಗಲಿಗಳಲ್ಲಿ ಕವಳ ಕುಟ್ಟುತ್ತ ಕೂತಿದ್ದಾರೆ. ಒಂದೊಂದು ಮಳೆಗಾಲಕ್ಕೂ ಅವರಲ್ಲಿ ಕೆಲವರು ಇಲ್ಲವಾಗುತ್ತಿದ್ದಾರೆ. ನನ್ನ ಆಯಿಯೂ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ಅವಳ ಹೇಳಿಕೆ ಅರಣ್ಯ ಹಕ್ಕು ಸಮಿತಿಯ ಕಡತದಲ್ಲಿದೆ. ಆ ಮೇಲ್ಮನವಿಯ ತೀರ್ಮಾನ ಇನ್ನೂ ಆಗಿಲ್ಲ.

ಉತ್ತರ ಕನ್ನಡದ ನೆಲದಲ್ಲಿ ಸುಮಾರು ಶೇಕಡ 80 ಅರಣ್ಯ. ಇಂಥ ಜಿಲ್ಲೆಯಲ್ಲಿ ಕಾಡಿನಂಚಿನಲ್ಲಿ ಬದುಕದವರು ಯಾರು? ಆದರೆ ಒಂದು ವ್ಯತ್ಯಾಸವನ್ನು ನಾವು ತೋಟದವರು ಒಪ್ಪಿಕೊಳ್ಳಬೇಕು. ನಮ್ಮ ಅಡಿಕೆ ತೋಟಗಳಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸವಲತ್ತು ಉಂಟು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ಅದು ಬರವಣಿಗೆಯಲ್ಲಿದೆ, ನಕ್ಷೆಯಲ್ಲಿದೆ. ಆ ಬೆಟ್ಟದ ಸೊಪ್ಪು ಕಡಿದು, ದರಕು ಗುಡಿಸಿ, ಹೊರೆ ಹೊತ್ತು ತೋಟಕ್ಕೆ ತಂದು ಹಾಕಿದವರ ಹೆಸರು ಯಾವ ನಕ್ಷೆಯಲ್ಲಿದೆ? ಅವರು ನಮ್ಮನ್ನು ‘ಒಡೆಯಾ’ ಎಂದು ಕರೆದರು. ನಾವು ಅವರಲ್ಲಿ ಅಜ್ಜನ ವಯಸ್ಸಿನವರನ್ನೂ ಏಕವಚನದಲ್ಲಿ ಕರೆದೆವು. ಅವರ ಮೂರು ತಲೆಮಾರಿನ ವಾಸಕ್ಕೆ ನಮಗಿಂತ ಹತ್ತಿರದ ಸಾಕ್ಷಿಗಳು ಇಲ್ಲ.

ಈ ಕೆಲಸವನ್ನು ನಾನು ಕಂಡುಹಿಡಿದದ್ದಲ್ಲ. ಕಾಗದವಿಲ್ಲದ ಜನ ತಾವೇ ಕಟ್ಟಿಕೊಂಡ ಸಂಘಟನೆಗಳು ದಶಕಗಳಿಂದ ಇದನ್ನು ನಡೆಸಿಕೊಂಡು ಬಂದಿವೆ. ಅವುಗಳ ಪೈಕಿ ಸಿದ್ದಿಗಳದ್ದು ನನಗೆ ದೊಡ್ಡ ಪಾಠ.

ಆಫ್ರಿಕಾದಿಂದ ಗುಲಾಮರಾಗಿ ಪೋರ್ಚುಗೀಸರ ಗೋವೆಗೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಸೀಮೆಯಲ್ಲಿ ಚದುರಿದ್ದಾರೆ. ಯಾರಿಂದಲೋ ತಪ್ಪಿಸಿಕೊಂಡು ಬಂದ ಜನ ಮನೆ ಕಟ್ಟುವಾಗ ಯಾರ ಬಳಿ ಅರ್ಜಿ ಹಾಕುತ್ತಾರೆ? ಕಣ್ಣಿಗೆ ಬೀಳದೆ ಉಳಿದದ್ದೇ ಅವರನ್ನು ಕಾಪಾಡಿತು. ಅದೇ ಕಾರಣಕ್ಕೆ ಮುಂದೆ ಸರ್ಕಾರದ ಪುಸ್ತಕದಲ್ಲಿ ಅವರು ಇಲ್ಲವಾದರು. ಮನೆಮಾತು ಕೊಂಕಣಿ ಬೆರೆತದ್ದು. ಹಿಂದೂ, ಕ್ರೈಸ್ತ, ಮುಸ್ಲಿಂ ಎಂದು ಮೂರು ಧರ್ಮಗಳಲ್ಲಿ ಹಂಚಿಹೋದವರು. 1984ರಲ್ಲಿ ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘ ಹುಟ್ಟಿದಾಗ ಈ ಮೂರೂ ಕಡೆಯವರನ್ನು ಒಂದು ಚಾಪೆಯ ಮೇಲೆ ಕೂರಿಸಿದ್ದೇ ಅದರ ಮೊದಲ ಗೆಲುವು. ಇಂದಿಗೂ ನಾವು ಅನೇಕರು ನಮ್ಮ ನಮ್ಮ ಕೇರಿಯಲ್ಲಿ ಅಷ್ಟು ಮಾಡಿ ತೋರಿಸಿಲ್ಲ.

ಆ ದಶಕದಲ್ಲಿ ಹೊರಗಿನವರ ಕಣ್ಣೂ ಇತ್ತ ಬಿತ್ತು. ನೀನಾಸಂನ ಚಿದಂಬರರಾವ್ ಜಂಬೆಯವರು ಮಂಚಿಕೇರಿಯಲ್ಲಿ ಸಿದ್ದಿ ಕಲಾವಿದರನ್ನು ಕಟ್ಟಿಕೊಂಡು ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ ಆಡಿಸಿದರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರಮಟ್ಟಕ್ಕೆ ಓಡಿದರು. ಕೆಲವೇ ವರ್ಷದಲ್ಲಿ ಆ ಯೋಜನೆ ನಿಂತಿತು, ಮಕ್ಕಳು ಮನೆಗೆ ಮರಳಿದರು. ಹೊರಗಿನಿಂದ ಬಂದ ಯೋಜನೆ ಹೊರಗಿನವರು ಬೇಡವೆಂದ ದಿನ ಮುಗಿಯುತ್ತದೆ. ಊರಿನ ಸಂಘ ಮಾತ್ರ ಮುಗಿಯಲಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂಬ ಒಂದೇ ಬೇಡಿಕೆ ಹಿಡಿದು ಅದು ಕೇಳುತ್ತಲೇ ಬಂತು. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. ಲೆಕ್ಕ ಹಾಕಿ, ಹತ್ತೊಂಬತ್ತು ವರ್ಷ. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರು. ಹಳೆ ಬಟ್ಟೆ ಚೂರುಗಳನ್ನು ಸೇರಿಸಿ ಸಿದ್ದಿ ಹೆಂಗಸರು ಹೊಲಿಯುವ ಕವದಿ ಈಗ ವಿದೇಶದ ಪ್ರದರ್ಶನಗಳಲ್ಲಿ ತೂಗುತ್ತಿದೆ. ಇವೆಲ್ಲ ಸಂತೋಷ. ಆದರೆ ಆ ಕವದಿ ಹೊಲಿದ ಕೈಗೆ ಮನೆಯಡಿಯ ನೆಲದ ಹಕ್ಕುಪತ್ರ ಸಿಕ್ಕಿತೇ ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಉತ್ತರ ‘ಇನ್ನೂ ಇಲ್ಲ’.

ಸಿದ್ದಿಗಳಿಗೆ ಪಟ್ಟಿಯ ಬಲ ಬಂತು. ಯಲ್ಲಾಪುರದ ಗೌಳಿ, ಕುಣಬಿಗಳಿಗೆ ಅದು ಬಂದಿಲ್ಲ. ಕೇಳುತ್ತಲೇ ಇದ್ದಾರೆ. ಸಿದ್ದಾಪುರ, ಶಿರಸಿಯ ಕಾಡಿನಂಚಿನ ನಾಮಧಾರಿ, ಒಕ್ಕಲಿಗ ಮತ್ತಿತರ ಕುಟುಂಬಗಳೂ ಆ 75 ವರ್ಷದ ಗೋಡೆಯ ಎದುರು ನಿಂತಿವೆ. ಶಿರಸಿಯನ್ನು ಕೇಂದ್ರವಾಗಿಟ್ಟುಕೊಂಡ ಅರಣ್ಯ ಭೂಮಿ ಹಕ್ಕು ಹೋರಾಟಗಾರರ ವೇದಿಕೆ ಮೂರು ದಶಕಗಳಿಂದ ಹಳ್ಳಿಹಳ್ಳಿಯಲ್ಲಿ ಸಭೆ ಕೂಡಿಸಿ ಇಂಥವರಿಗೆ ಅರ್ಜಿಯ ದಾರಿ ತೋರಿಸುತ್ತ ಬಂದಿದೆ. ಜಿಲ್ಲೆಯಲ್ಲಿ ತಿರಸ್ಕೃತವಾದ ಅರ್ಜಿಗಳು ಸಾವಿರ ಸಾವಿರ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಿ ಎಂದು ಆದೇಶಿಸಿ, ಅದೇ ತಿಂಗಳ 28ರಂದು ತಾನೇ ಅದಕ್ಕೆ ತಡೆ ಕೊಟ್ಟಿತು. ನಡುವಿನ ಆ ಹದಿನೈದು ದಿನ ಕಾಡಿನಂಚಿನ ಮನೆಗಳಲ್ಲಿ ಒಲೆ ಹತ್ತಿದ್ದು ಹೇಗೆಂದು ಆ ಮನೆಯವರನ್ನೇ ಕೇಳಬೇಕು.

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎಂದು ಪಟ್ಟಣದಲ್ಲಿರುವ ಓದುಗರು ಕೇಳಬಹುದು. 2021ರ ಜುಲೈ ಕೊನೆಯ ಮಳೆ ನೆನಪಿಸಿಕೊಳ್ಳಿ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಕೆಳಗಿಳಿದು ತೋಟಗಳನ್ನು ಮುಚ್ಚಿತು. ಅರಬೈಲ್ ಘಟ್ಟ ಕುಸಿಯಿತು, ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ಪಹಣಿ ಇದ್ದವರಿಗೇ ಬೆಳೆ ಪರಿಹಾರಕ್ಕೆ ಕಚೇರಿ ಅಲೆದು ಸಾಕಾಯಿತು. ಪಹಣಿಯೇ ಇಲ್ಲದವರ ಗದ್ದೆ ಕೊಚ್ಚಿಹೋದರೆ ಅದು ಲೆಕ್ಕದ ಹಾಳೆಯನ್ನೇ ಹತ್ತುವುದಿಲ್ಲ. ಬ್ಯಾಂಕಿನ ಸಾಲ ಇಲ್ಲ, ಸೊಸೈಟಿಯ ಸಾಲವೂ ಇಲ್ಲ. ಮನೆಯ ಗೋಡೆ ಗಟ್ಟಿ ಮಾಡಲು ಕೈ ಹಾಕಿದರೆ ಕೇಸು. ಮಂಗನ ಕಾಯಿಲೆ ಸಿದ್ದಾಪುರಕ್ಕೆ ಬಂದಾಗ ಕಾಡಿಗೆ ಹೋಗಬೇಡಿ ಎಂದು ಎಲ್ಲರೂ ಹೇಳುತ್ತೇವೆ. ಸರಿಯಾದ ಮಾತೇ. ಕಟ್ಟಿಗೆಗೂ ದರಕಿಗೂ ಕಾಡನ್ನೇ ನಂಬಿದ, ಬೇರೆ ನೆಲವೇ ಇಲ್ಲದ ಮನೆಗೆ ಆ ಮಾತನ್ನು ಪಾಲಿಸುವ ದಾರಿ ಎಲ್ಲಿದೆ?

ಸಿದ್ದಾಪುರದ ಓದುಗರಿಗೆ ಬೇರೆಯಾಗಿ ಒಂದು ಮಾತು. ನೆಲ ಕಳೆದುಕೊಳ್ಳುವುದು ಏನೆಂದು ನಿಮ್ಮ ತಾಲ್ಲೂಕಿಗೆ ಗೊತ್ತು. 1932ರ ಸುಮಾರಿಗೆ ಕರನಿರಾಕರಣೆ ಮಾಡಿದ ಸಿದ್ದಾಪುರ, ಅಂಕೋಲೆಯ ರೈತರ ಜಮೀನನ್ನು ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆ ಎದುರು ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಎಷ್ಟೋ ಕುಟುಂಬಗಳು ನೆಂಟರ, ನೆರೆಯವರ ಅಂಗಳದಲ್ಲಿ ದಿನ ಕಳೆದವು. ಮುಂದೆ ಮುಂಬೈ ಪ್ರಾಂತದ ಜನರ ಸರ್ಕಾರ ಬಂದ ಮೇಲೆ 1938ರಲ್ಲಿ ಜಪ್ತಿಯಾದ ಜಮೀನು ಮರಳಿಸಲೆಂದೇ ಒಂದು ಕಾಯ್ದೆ ಆಯಿತು. ಆ ಜಮೀನು ತಮ್ಮದೆಂದು ತೋರಿಸಲು ನಮ್ಮ ಹಿರಿಯರ ಬಳಿ ಸರ್ಕಾರದ್ದೇ ಕಾಗದಗಳಿದ್ದವು. ಅದೇ ವರ್ಷಗಳಲ್ಲಿ ಅವರ ಗದ್ದೆಯಂಚಿನಲ್ಲೇ ಬದುಕುತ್ತಿದ್ದ, ಅವರ ಜೊತೆ ಕಷ್ಟ ಉಂಡ ಕುಟುಂಬಗಳು ಇದ್ದವು. ಇಂದು ಸಾಬೀತು ಮಾಡಬೇಕಾದದ್ದು ಅವರ ಆ ಇರುವಿಕೆಯನ್ನೇ. ನಿಮ್ಮ ಮನೆಯಲ್ಲಿ ಕರನಿರಾಕರಣೆಯ ಕಥೆ ಹೇಳುವ ಹಿರಿಯರಿದ್ದರೆ, ಆ ಕಥೆಯಲ್ಲಿ ಅಕ್ಕಿ ಹೊತ್ತು ತಂದವರು ಯಾರು, ರಾತ್ರಿ ದನ ಬಚ್ಚಿಟ್ಟವರು ಯಾರು ಎಂದು ಈ ಬಾರಿ ಕೇಳಿ. ಅಲ್ಲಿ ಒಂದು ಹೆಸರು ಸಿಗಬಹುದು.

ಮೆತ್ತಿನ ಮೇಲೆ, ನಾಗಂದಿಗೆಯಲ್ಲಿ ಹಳೆಯ ಲೆಕ್ಕದ ಪುಸ್ತಕಗಳಿದ್ದರೆ ಕೆಳಗಿಳಿಸಿ ನೋಡಿ. ಕೊನೆ ಕೊಯ್ದವರು, ಸೊಪ್ಪು ತಂದವರು, ಪಡೆದ ಅಕ್ಕಿ, ಮುಂಗಡ ಎಲ್ಲ ಅದರಲ್ಲಿ ದಿನಾಂಕದೊಂದಿಗೆ ಇರುತ್ತದೆ. ನಮ್ಮ ಮನೆಯಲ್ಲೂ ಸಿಕ್ಕಿತು. ಓದುತ್ತ ನನಗೆ ತಲೆ ಎತ್ತಲಾಗಲಿಲ್ಲ. ಒಂದೇ ಹೆಸರಿನ ಮುಂದೆ ವರ್ಷದಿಂದ ವರ್ಷಕ್ಕೆ ತೀರದೆ ಸಾಗಿದ ಬಾಕಿ, ಅಪ್ಪನ ಹೆಸರು ಹೋಗಿ ಮಗನ ಹೆಸರು ಬಂದರೂ ಅದೇ ಬಾಕಿ. ಜೀತವನ್ನು 1976ರ ಕಾಯ್ದೆ ತೆಗೆದುಹಾಕಿತು, ಆ ಸಾಲಗಳೂ ರದ್ದಾದವು. ನಮ್ಮ ಮನೆಯ ಪುಸ್ತಕ ಮಾತ್ರ ಉಳಿದಿತ್ತು. ಮನೆತನದ ಮರ್ಯಾದೆ ಹೋದೀತೆಂದು ಇಂಥ ಪುಸ್ತಕವನ್ನು ಒಲೆಗೆ ಹಾಕಬೇಡಿ, ಕೈ ಮುಗಿದು ಕೇಳುತ್ತೇನೆ. ಆ ಪುಟದ ಪ್ರತಿ ತೆಗೆದು ಹೆಸರಿನವರ ಮೊಮ್ಮಕ್ಕಳಿಗೆ ಕೊಡಿ. ನಿಯಮದ ಪಟ್ಟಿ ಅಲ್ಲಿಗೇ ಮುಗಿದದ್ದಲ್ಲ, ಉಳಿದ ಸಾಕ್ಷ್ಯದ ಜೊತೆ ಇಂಥದ್ದನ್ನೂ ಇಡಬಹುದು. ಅರಣ್ಯ ಇಲಾಖೆ ಹಿಂದೆ ಹೂಡಿದ ಅತಿಕ್ರಮಣ ಪ್ರಕರಣದ ನೋಟಿಸು, ದಂಡದ ರಸೀದಿ ಇದ್ದವರು ಅದನ್ನೂ ಜೋಪಾನ ಮಾಡಿ. ಆ ದಿನ ನೀವು ಅಲ್ಲಿದ್ದಿರಿ ಎಂದು ಸರ್ಕಾರವೇ ಬರೆದುಕೊಟ್ಟದ್ದು ಅದು.

ಕಾಡಿನ ಚಿಂತೆ ಮಾಡುವವರಿಗೆ ನಾನು ಉತ್ತರ ಕೊಡಬೇಕು, ಯಾಕೆಂದರೆ ನಾನೂ ಅವರಲ್ಲೊಬ್ಬ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಾಡಿಗೆ ನುಗ್ಗಿ ಮರ ಅಪ್ಪಿಕೊಂಡ ಊರುಗಳು ಇವು. ಹಕ್ಕುಪತ್ರ ಕೊಟ್ಟರೆ ಕಾಡು ಉಳಿಯುವುದೇ ಎಂಬ ಭಯ ಸುಳ್ಳಲ್ಲ. ಆದರೆ ಕಾಯ್ದೆ ಹೊಸದಾಗಿ ಕಡಿಯಲು ಅನುಮತಿ ಕೊಡುವುದಿಲ್ಲ. 2005ಕ್ಕೆ ಹಿಂದಿನ ಸಾಗುವಳಿ ಮಾತ್ರ, ಅದೂ 4 ಹೆಕ್ಟೇರಿನ ಒಳಗೆ. ಆ ನೆಲವನ್ನು ಮಾರುವಂತಿಲ್ಲ, ಮಕ್ಕಳಿಗೆ ಬಿಟ್ಟುಹೋಗಬಹುದು ಅಷ್ಟೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ. ಜೊತೆಗೆ, ಸುತ್ತಲಿನ ಕಾಡನ್ನು ಕಾಯುವ ಅಧಿಕಾರವನ್ನೂ ಹೊಣೆಯನ್ನೂ ಅದೇ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ನಾಳೆ ಯಾರು ಬಂದು ಎಬ್ಬಿಸುತ್ತಾರೋ ಎಂದು ಹೆದರಿ ಬದುಕುವವರಿಗಿಂತ ನೆಲೆ ನಿಂತವರು ಕಾಡನ್ನು ಚೆನ್ನಾಗಿ ಕಾಯುತ್ತಾರೆ, ಇದು ನನ್ನ ನಂಬಿಕೆ. ಬೇಲಿ ಸರಿಸುತ್ತ ಹೋದ ದೊಡ್ಡ ಹಿಡುವಳಿದಾರರೂ ಈ ಸಾಲಿನಲ್ಲಿ ನುಸುಳಬಹುದು. ಅಂಥವರ ಪರವಾಗಿ ಒಂದು ಸುಳ್ಳು ಹೇಳಿಕೆಯನ್ನೂ ಕೊಡಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಊರಿನ ಎಲ್ಲ ಹಿರಿಯರ ಮಾತಿನ ಬೆಲೆ ಹೋಗುತ್ತದೆ.

ಹಿರಿಯರ ಹೇಳಿಕೆ ಒಂದು. ಉಳಿದದ್ದಕ್ಕೂ ಕೈ ಬೇಕು. ನಿವೃತ್ತ ಶಿಕ್ಷಕರೇ, ಗುಮಾಸ್ತರೇ, ತಿಂಗಳಿಗೆ ಎರಡು ಭಾನುವಾರ ಪಂಚಾಯಿತಿ ಜಗಲಿಗೆ ಬನ್ನಿ. ತಿರಸ್ಕಾರವನ್ನು ಕಾರಣ ಸಹಿತ ಬರೆದು ತಿಳಿಸಬೇಕು, ತಿಳಿಸಿದ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಈ 60 ದಿನ ಎಷ್ಟೋ ಬಾರಿ ಬರೆದುಕೊಡುವವರು ಸಿಗದೆ ಕಳೆದುಹೋಗುತ್ತದೆ. ಕನ್ನಡ ಶಾಲೆಗಳ ಹಳೆ ದಾಖಲಾತಿ ಪುಸ್ತಕದಲ್ಲಿ ಯಾರ ಅಪ್ಪ ಯಾವ ವರ್ಷ ಒಂದನೇ ಇಯತ್ತೆಗೆ ಸೇರಿದ್ದ ಎಂದು ಹುಡುಕಿಕೊಡಬಲ್ಲವರು ನೀವು. ಯುವ ವಕೀಲರೇ, ಮೂರೂ ತಾಲ್ಲೂಕಿನ ಕಡತಗಳು ಬರುವುದು ಶಿರಸಿಯ ಉಪವಿಭಾಗಕ್ಕೆ, ನಿಮ್ಮ ಕಚೇರಿಯಿಂದ ನಡೆದು ಹೋಗುವಷ್ಟು ದೂರ. ಬೆಂಗಳೂರಿನ ಮಕ್ಕಳೇ, ದೀಪಾವಳಿಗೆ ಬಂದಾಗ ಫೋನು ಹಿಡಿದು ಆ ಬಾವಿಯ, ತೀರಿಕೊಂಡ ಹಿರಿಯರ ಹೆಸರಿನಲ್ಲಿ ಪೂಜಿಸುವ ಹಿರಿಯಾರ ಕಲ್ಲಿನ ಫೋಟೊ ತೆಗೆದುಕೊಡಿ.

ಗ್ರಾಮಸಭೆಗೆ ತಪ್ಪದೆ ಹೋಗಿ. ಈ ವಿಷಯದ ಸಭೆಗೆ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಸೇರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿರಬೇಕು. ತಮ್ಮ ಹೆಸರಿನ ಅರ್ಜಿ ಇಲ್ಲವೆಂದು ತೋಟದ ಮನೆಯವರು ಮನೆಯಲ್ಲೇ ಉಳಿದರೆ ಕೋರಂ ಆಗದೆ ಬಡವರ ಅರ್ಜಿ ಮುಂದಿನ ಸಭೆಗೆ ಹೋಗುತ್ತದೆ. ಕೂಲಿ ಬಿಟ್ಟು ಬಂದವರು ಬರಿಗೈಲಿ ಮರಳುತ್ತಾರೆ. ಇದನ್ನು ನಾನು ಕಂಡಿದ್ದೇನೆ, ಒಂದಲ್ಲ ಎರಡಲ್ಲ ಬಾರಿ.

ಒಂಟಿಯಾಗಿ ಬೆಳೆಗಾರ ಬದುಕಲಾರ ಎಂದು 1923ರಲ್ಲೇ ಶಿರಸಿಯಲ್ಲಿ ತೋಟಗಾರರ ಸೊಸೈಟಿ ಕಟ್ಟಿದ ಜನ ನಾವು. ನಮ್ಮ ತಂದೆಯವರು ಮುರಿಯಾಳಿನಲ್ಲಿ, ಅಂದರೆ ಆಳಿಗೆ ಆಳು ಕೊಟ್ಟು, ಇನ್ನೊಬ್ಬರ ಮನೆಯ ಸೂರು ಹೊದೆಸಿದವರು. ಆ ಸಹಕಾರ ತೋಟದ ಬೇಲಿಯವರೆಗೆ ಬಂದು ನಿಂತಿದೆ. ಬೇಲಿಯಾಚೆಯವರು ತಮ್ಮದೇ ಸಂಘ ಕಟ್ಟಿಕೊಂಡು ನಲವತ್ತು ವರ್ಷದಿಂದ ನಡೆದಿದ್ದಾರೆ.

ಹೇಳಿಕೆ ಬರೆದುಕೊಳ್ಳುವುದು ಕಷ್ಟವಲ್ಲ. ಹಿರಿಯರ ಹೆಸರು, ವಯಸ್ಸು, ಈ ಊರಿಗೆ ಬಂದ ವರ್ಷ. ಯಾರನ್ನು ಕಂಡಿದ್ದರು, ಅವರು ಎಲ್ಲಿದ್ದರು, ಏನು ಬೆಳೆಯುತ್ತಿದ್ದರು. ಕೇಳಿದ್ದು ಯಾವುದು, ಕಣ್ಣಾರೆ ಕಂಡದ್ದು ಯಾವುದು ಎಂದು ಬೇರೆ ಮಾಡಿ. ವರ್ಷ ನೆನಪಿಲ್ಲದಿದ್ದರೆ ಯಾರ ಮದುವೆಯ ಮುಂಚೆ, ಯಾವ ಮಾರಿಜಾತ್ರೆಯ ನಂತರ ಎಂದಾದರೂ ಬರೆಯಿರಿ. ಓದಿ ಹೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಊರಿನ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು, ಒಂದು ಪ್ರತಿಯನ್ನು ಅರ್ಜಿದಾರರ ಕೈಗೆ ಕೊಡಿ. ಹಿರಿಯರು ಮಾತಾಡುವಾಗ ನಡುವೆ ತಡೆಯಬೇಡಿ. ನನ್ನ ಆಯಿ ಟ್ರಂಕಿನ ಮಾತು ಹೇಳಿರದಿದ್ದರೆ ಬಾವಿಯ ಮಾತಿಗೆ ಬರುತ್ತಿರಲಿಲ್ಲ.

ಇವತ್ತು ರಾತ್ರಿ ಊಟವಾದ ಮೇಲೆ ಅವರ ಹತ್ತಿರ ಕೂತು ಕೇಳಿ: ನಮ್ಮ ಬೆಟ್ಟದಾಚೆ ಆಗ ಯಾರ ಮನೆ ಇತ್ತು?